ಇಪ್ಪತ್ತೊಂದು ತುಂಬಿದ ಮಕ್ಕಳನ್ನು ಹೊರಗೆ ನಿಲ್ಲಿಸುವ ಕಾನೂನು

ನಿನ್ನೆ ಸಂಜೆ ಸ್ನೇಹಿತರ ಮನೆಗೆ ಹೋಗಿದ್ದಾಗ ಅವರ ಮಗಳು ಎಫ್‌1 ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಕಾಗದಪತ್ರಗಳನ್ನು ಹೊಂದಿಸಿಕೊಳ್ಳುತ್ತಿದ್ದಳು. ಎರಡು ವರ್ಷದ ಕೂಸಾಗಿ ತಂದೆ ತಾಯಿಯ ಜೊತೆ ಅಮೆರಿಕಕ್ಕೆ ಬಂದವಳು, ಒಂದನೆಯ ತರಗತಿಯಿಂದ ಕಾಲೇಜಿನವರೆಗೆ ಇಲ್ಲಿಯೇ ಓದಿದವಳು, ಸದ್ಯದಲ್ಲೇ ಇಪ್ಪತ್ತೊಂದು ತುಂಬುತ್ತದೆ ಎಂಬ ಒಂದೇ ಕಾರಣಕ್ಕೆ ತಾನು ಬೆಳೆದ ದೇಶದಲ್ಲಿಯೇ ವಿದೇಶಿ ವಿದ್ಯಾರ್ಥಿನಿಯಾಗಬೇಕಾಗಿದೆ. ತಂದೆ ತಾಯಿಯ ಕೆಲಸದ ವೀಸಾದ ಆಸರೆಯಲ್ಲಿ ಮಕ್ಕಳು ಇಲ್ಲಿರಬಹುದಾದದ್ದು ಇಪ್ಪತ್ತೊಂದು ತುಂಬುವವರೆಗೆ ಮಾತ್ರ. ಅಷ್ಟರೊಳಗೆ ಗ್ರೀನ್ ಕಾರ್ಡ್, ಅಂದರೆ ಕಾಯಂ ನೆಲೆಸುವ ಅನುಮತಿಯ ಸರದಿ ಬಾರದಿದ್ದರೆ ಅವರು ಬೇರೆ ದಾರಿ ಹುಡುಕಿಕೊಳ್ಳಬೇಕು. ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳುವ ಉದ್ದೇಶ ತನಗಿದೆಯೆಂದು ಅವಳು ಅಧಿಕಾರಿಗಳಿಗೆ ಮನವರಿಕೆ ಮಾಡಿಕೊಡಬೇಕು. ರಜೆಯಲ್ಲಿ ಅಜ್ಜಿಯನ್ನು ನೋಡಿಬಂದದ್ದನ್ನು ಬಿಟ್ಟರೆ ಭಾರತದಲ್ಲಿ ಬಾಳಿ ಗೊತ್ತಿಲ್ಲದ ಹುಡುಗಿ ಎಲ್ಲಿಗೆ ಮರಳುತ್ತೇನೆಂದು ಹೇಳಬೇಕು? ಗ್ರೀನ್ ಕಾರ್ಡಿಗಾಗಿ ಕಾಯುತ್ತಿರುವ ನನ್ನ ಪಾಡು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ. ಇವತ್ತಿನ ಸಿಟ್ಟು ಮಕ್ಕಳ ವಿಷಯದ್ದು.

ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳೆಂದು 1990ರ ಕಾನೂನು ನಿಗದಿಪಡಿಸಿತು. ಕೆಲಸ ಮಾಡುವವರ ಜೊತೆಗೆ ಅವರ ಗಂಡ, ಹೆಂಡತಿ, ಮಕ್ಕಳೂ ಇದೇ ಲೆಕ್ಕದೊಳಗೆ ಬರುತ್ತಾರೆ. ಯಾವ ಒಂದು ದೇಶಕ್ಕೂ ಇದರಲ್ಲಿ ಶೇಕಡಾ 7ಕ್ಕಿಂತ ಹೆಚ್ಚಿಲ್ಲ, ಅಂದರೆ ಸುಮಾರು 9,800. ನಮ್ಮಲ್ಲಿ ಬಹಳಷ್ಟು ಜನರಿರುವ, ಉನ್ನತ ಪದವಿ ಬೇಡುವ ಕೆಲಸಗಳ ಇಬಿ-2 ವರ್ಗಕ್ಕೆ ಇಳಿದರೆ ಸುಮಾರು 2,800. ಬೇರೆ ದೇಶದವರು ಬಳಸದೆ ಉಳಿಸಿದರೆ ಮಾತ್ರ ಅದಕ್ಕಿಂತ ಹೆಚ್ಚು. ಐಸ್‌ಲ್ಯಾಂಡಿಗೂ ಇದೇ ಮಿತಿ, ಭಾರತಕ್ಕೂ ಇದೇ ಮಿತಿ. ಆದರೆ ವರ್ಷಕ್ಕೆ 85,000 ಹೊಸ ಎಚ್‌1ಬಿ ಕೆಲಸದ ವೀಸಾ ಕೊಡುವಾಗ ದೇಶವಾರು ಮಿತಿಯೇ ಇಲ್ಲ. ದುಡಿಯಲು ಕರೆಯುವಾಗ ಲೆಕ್ಕಕ್ಕೆ ಬಾರದ ಹುಟ್ಟಿದ ದೇಶ, ನೆಲೆಸಲು ಅನುಮತಿ ಕೇಳುವಾಗ ಎಲ್ಲವನ್ನೂ ನಿರ್ಧರಿಸುತ್ತದೆ.

ಇಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವವೂ ಅಲ್ಲ, ಹುಟ್ಟಿದ ಜಾಗ. ತಂದೆ ಕುವೈತಿನಲ್ಲಿ ಕೆಲಸ ಮಾಡುತ್ತಿದ್ದಾಗ ಅಲ್ಲಿ ಹುಟ್ಟಿದ ಅಣ್ಣನೂ, ಕುಟುಂಬ ಮಂಗಳೂರಿಗೆ ಮರಳಿದ ಮೇಲೆ ಹುಟ್ಟಿದ ತಮ್ಮನೂ ಒಂದೇ ಪಾಸ್‌ಪೋರ್ಟ್ ಹಿಡಿದು, ಒಂದೇ ಕಂಪನಿಯಲ್ಲಿ, ಒಂದೇ ಹುದ್ದೆಯಲ್ಲಿ ಇದ್ದರೂ ಅಣ್ಣನ ಸರದಿ ತಮ್ಮನದಕ್ಕಿಂತ ಎಷ್ಟೋ ವರ್ಷ ಮೊದಲೇ ಬರುತ್ತದೆ. ಇದರಲ್ಲಿ ಯೋಗ್ಯತೆಯ ಮಾತೆಲ್ಲಿದೆ?

ಸರದಿ ಎಲ್ಲಿಗೆ ಬಂದಿದೆಯೆಂದು ತಿಳಿಸುವ ವೀಸಾ ಬುಲೆಟಿನ್ ಪ್ರತಿ ತಿಂಗಳೂ ಪ್ರಕಟವಾಗುತ್ತದೆ. ಅದು ಯಾವಾಗಲೂ ಮುಂದಕ್ಕೇ ಹೋಗುತ್ತದೆಯೆಂದು ತಿಳಿಯಬೇಡಿ. 2022ರ ಸೆಪ್ಟೆಂಬರಿನಲ್ಲಿ ಭಾರತದ ಇಬಿ-2 ದಿನಾಂಕ 2014ರ ಡಿಸೆಂಬರಿನಲ್ಲಿತ್ತು, ಅಂದರೆ ಅದಕ್ಕೆ ಮೊದಲು ಅರ್ಜಿ ಹಾಕಿದವರ ಸರದಿ ಬಂದಿತ್ತು. ಮರುತಿಂಗಳೇ 2012ರ ಏಪ್ರಿಲಿಗೆ ಹಿಂದೆ ಸರಿಯಿತು. ದೊಡ್ಡವರು ಇದನ್ನು ಹೇಗೋ ಸಹಿಸುತ್ತಾರೆ, ಏಕೆಂದರೆ ಅವರ ಪ್ರಯಾರಿಟಿ ಡೇಟ್ (ಸರದಿಯಲ್ಲಿ ಜಾಗ ಹಿಡಿದುಕೊಡುವ, ಅರ್ಜಿ ಹಾಕಿದ ದಿನ) ಅಳಿದುಹೋಗುವುದಿಲ್ಲ ಮತ್ತು ಎಚ್‌1ಬಿಯನ್ನು ಆರು ವರ್ಷಗಳ ನಂತರವೂ ವಿಸ್ತರಿಸಿಕೊಳ್ಳಲು 2000ದ ಕಾನೂನು ಅವಕಾಶ ಕೊಟ್ಟಿದೆ. ಮಕ್ಕಳ ವಯಸ್ಸಿಗೆ ಅಂಥ ವಿಸ್ತರಣೆಯಿಲ್ಲ. ಹೈಸ್ಕೂಲಿನಲ್ಲಿರುವ ಮಗನಿರುವ ನಾನು ಪ್ರತಿ ಬುಲೆಟಿನ್ ಬಂದಾಗಲೂ ಮೊದಲು ನೋಡುವುದು ನನ್ನ ಸರದಿಯನ್ನಲ್ಲ. ಅವನ ವಯಸ್ಸಿನ ಲೆಕ್ಕ ಹಾಕುತ್ತೇನೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಮಕ್ಕಳ ರಕ್ಷಣೆಗೆಂದು 2002ರಲ್ಲಿ ಒಂದು ಕಾನೂನು ಬಂತು. ನೌಕರರ ಗ್ರೀನ್ ಕಾರ್ಡಿಗಾಗಿ ಉದ್ಯೋಗದಾತರು ಸಲ್ಲಿಸುವ ಐ-140 ಅರ್ಜಿ ಇತ್ಯರ್ಥವಾಗದೆ ಇದ್ದಷ್ಟು ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆಯುತ್ತಾರೆ. ಅರ್ಜಿ ಮಂಜೂರಾದ ಮೇಲೆ ಸರದಿಗಾಗಿ ಕಾಯುವ ಹತ್ತು, ಹದಿನೈದು ವರ್ಷಗಳನ್ನು ಮಾತ್ರ ಕಳೆಯುವುದಿಲ್ಲ. ಹೀಗಾಗಿ ಹೆಚ್ಚಿನ ಶುಲ್ಕ ಕಟ್ಟಿ ಎರಡು ಮೂರು ವಾರಗಳಲ್ಲಿ ಮಂಜೂರಾತಿ ಪಡೆದ ಕುಟುಂಬದ ಮಗುವಿಗೆ ಸಿಗುವ ವಿನಾಯಿತಿಯೂ ಆ ಎರಡು ಮೂರು ವಾರಗಳದ್ದೇ. ಸರ್ಕಾರ ಚುರುಕಾಗಿ ಕೆಲಸ ಮಾಡಿದಷ್ಟೂ ಮಗುವಿಗೆ ನಷ್ಟವಾಗುವಂಥ ರಕ್ಷಣೆಯನ್ನು ರಕ್ಷಣೆಯೆಂದು ಒಪ್ಪಿಕೊಳ್ಳಲು ನನ್ನಿಂದಾಗದು.

ಇಪ್ಪತ್ತೊಂದು ತುಂಬುವವರೆಗೂ ಈ ಮಕ್ಕಳ ಸ್ಥಿತಿ ಸುಖದ್ದೇನಲ್ಲ. ಎಚ್‌1ಬಿಯವರ ಕುಟುಂಬಕ್ಕೆ ಕೊಡುವ ಎಚ್‌4 ವೀಸಾದಲ್ಲಿರುವ ಕೆಲವು ಸಂಗಾತಿಗಳಿಗೆ 2015ರಿಂದ ಕೆಲಸದ ಪರವಾನಗಿ ಸಿಗುತ್ತಿದೆ, ಮಕ್ಕಳಿಗೆ ಅದೂ ಇಲ್ಲ. ಸಹಪಾಠಿಗಳು ರಜೆಯಲ್ಲಿ ಅಂಗಡಿಗಳಲ್ಲಿ ದುಡಿದು ಕೈಖರ್ಚಿಗೆ ಸಂಪಾದಿಸುವಾಗ ಇವರು ಮನೆಯಲ್ಲಿರಬೇಕು. ಬಾಲ್ಯದಲ್ಲಿ ಬಂದವರನ್ನು ಗಡಿಪಾರಿನಿಂದ ಕಾಪಾಡುವ 2012ರ ಡಾಕಾ ಯೋಜನೆಯೂ ಇವರಿಗೆ ಅನ್ವಯಿಸದು, ಏಕೆಂದರೆ ಆ ವರ್ಷದ ಜೂನ್ 15ರಂದು ಕಾನೂನುಬದ್ಧ ವೀಸಾ ಇಲ್ಲದೆ ಇದ್ದವರಿಗೆ ಮಾತ್ರ ಅದು. ಆ ಮಕ್ಕಳಿಗೆ ಸಿಕ್ಕಿದ್ದು ನ್ಯಾಯವೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಪ್ರತಿ ನಿಯಮವನ್ನೂ ಪಾಲಿಸಿದ ಕುಟುಂಬದ ಮಗುವಿಗೆ ಅಷ್ಟೂ ಇಲ್ಲವಲ್ಲ ಎಂಬುದೇ ನನ್ನ ಸಂಕಟ.

ನಿಮ್ಮನ್ನು ಯಾರು ಕರೆದಿದ್ದರು, ಎಲ್ಲ ಗೊತ್ತಿದ್ದೇ ಹೋದಿರಲ್ಲ ಎಂದು ಕೇಳುವವರಿದ್ದಾರೆ. ತಂದೆ ತಾಯಿಗೆ ಗೊತ್ತಿತ್ತು ಎಂದೇ ಇಟ್ಟುಕೊಳ್ಳೋಣ. ತೊಡೆಯ ಮೇಲೆ ಕುಳಿತು ಬಂದ ಕೂಸಿಗೆ ಏನು ಗೊತ್ತಿತ್ತು? ಇನ್ನು ಕೆಲವರು, ದೇಶವಾರು ಮಿತಿ ತೆಗೆದರೆ ಒಂದೆರಡು ದೇಶದವರೇ ಎಲ್ಲವನ್ನೂ ಪಡೆದುಬಿಡುತ್ತಾರೆ ಎನ್ನುತ್ತಾರೆ. ಆದರೆ ಹೀಗೆ ಕಾಯುತ್ತಿರುವವರಲ್ಲಿ ಬಹುಪಾಲು ಜನ ಈಗಾಗಲೇ ಇಲ್ಲಿಯೇ ದುಡಿದು, ತೆರಿಗೆ ಕಟ್ಟಿ ಬದುಕುತ್ತಿದ್ದಾರೆ. ಆ ಮಿತಿಯಿಂದ ಅಮೆರಿಕದಲ್ಲಿ ಯಾರು ವಾಸಿಸುತ್ತಾರೆ ಎಂಬುದು ಹೆಚ್ಚೇನೂ ಬದಲಾಗಿಲ್ಲ. ಯಾರ ಮಕ್ಕಳು ಭಯದಲ್ಲಿ ಬೆಳೆಯುತ್ತಾರೆ ಎಂಬುದಷ್ಟೇ ತೀರ್ಮಾನವಾಗುತ್ತಿದೆ.

ದೇಶವಾರು ಮಿತಿಯನ್ನು ತೆಗೆಯುವ ಮಸೂದೆ 2019ರ ಜುಲೈನಲ್ಲಿ ಕೆಳಮನೆಯಲ್ಲಿ 365 ಮತಗಳನ್ನು ಪಡೆದು ಗೆದ್ದಿತು. 2020ರ ಡಿಸೆಂಬರಿನಲ್ಲಿ ಸೆನೆಟ್ ಅದನ್ನೇ ಬೇರೆ ರೂಪದಲ್ಲಿ ಅಂಗೀಕರಿಸಿತು. ಎರಡೂ ರೂಪಗಳು ಹೊಂದಿಕೆಯಾಗುವ ಮೊದಲೇ ಆ ಸಂಸತ್ತಿನ ಅವಧಿ ಮುಗಿದು ಎಲ್ಲವೂ ಬಿದ್ದುಹೋಯಿತು. ಈ ಮಕ್ಕಳಿಗಾಗಿಯೇ 2021ರಲ್ಲಿ ಮಂಡಿಸಿದ ಮಸೂದೆಯೂ ಕಾನೂನಾಗಲಿಲ್ಲ. ದೊಡ್ಡವರ ಮಿತಿಯ ಬಗ್ಗೆ ಇನ್ನೂ ಹತ್ತು ವರ್ಷ ಚರ್ಚೆ ನಡೆಯಲಿ, ನಾವು ಕಾಯುತ್ತೇವೆ. ಮಕ್ಕಳ ವಯಸ್ಸನ್ನು ಮಾತ್ರ ಪ್ರಯಾರಿಟಿ ಡೇಟಿನ ದಿನ ಎಷ್ಟಿತ್ತೋ ಅಷ್ಟಕ್ಕೇ ನಿಲ್ಲಿಸಲಿ. ಅದರಿಂದ ವರ್ಷದ ಒಟ್ಟು 1,40,000ಕ್ಕೆ ಒಂದೂ ಸೇರುವುದಿಲ್ಲ. ಇಲ್ಲಿ ಪೌರತ್ವ ಪಡೆದು ಮತದಾರರಾಗಿರುವ ಸ್ನೇಹಿತರು ನನ್ನ ಪಟ್ಟಿಯಲ್ಲಿ ಬಹಳ ಮಂದಿ ಇದ್ದೀರಿ. ನಿಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೂ ಇಬ್ಬರು ಸೆನೆಟರುಗಳ ಕಚೇರಿಗೂ ಈ ವಾರ ಕರೆ ಮಾಡಿ, ಇದೊಂದು ವಿಷಯವನ್ನು ಹೇಳಿ. ನಮ್ಮ ಕರೆಗಿಲ್ಲದ ತೂಕ ನಿಮ್ಮ ಕರೆಗಿದೆ.