ಸ್ಟಾಕ್ ಸಬ್‌ಸ್ಕ್ರಿಪ್ಷನ್‌ಗೆ ದುಡ್ಡು ಕಟ್ಟುವ ಮುಂಚೆ

ನಮ್ಮ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ವಿಡಿಯೊ ಮಾಡುವ ಹುಡುಗರು, ಹುಡುಗಿಯರು ಈಗ ಜಾಸ್ತಿ ಆಗಿದ್ದಾರೆ. ಕೆಲವರು ಮದುವೆ ಶೂಟ್ ಮಾಡುತ್ತಾರೆ, ಕೆಲವರದ್ದು ಕೃಷಿ ಚಾನೆಲ್, ಇನ್ನು ಕೆಲವರು ನಂದಿ ಬೆಟ್ಟದ ರೀಲ್ಸ್ ಹಾಕುತ್ತಾರೆ. ಇವರಲ್ಲಿ ಬಹಳ ಜನ ನನ್ನನ್ನು ಕೇಳುವುದು ಇದನ್ನೇ: "ಅಕ್ಕಾ, ಸ್ಟಾಕ್ ಸಬ್‌ಸ್ಕ್ರಿಪ್ಷನ್ ಯಾವುದು ತಗೊಳ್ಳಲಿ?"

ಸ್ಟಾಕ್ ಅಂದರೆ ಬೇರೆಯವರು ಮಾಡಿಟ್ಟ, ಚಂದಾ ಕಟ್ಟಿ ನಮ್ಮ ವಿಡಿಯೊಗೆ ಬಳಸುವ ರೆಡಿ ಕ್ಲಿಪ್ಪು, ಮ್ಯೂಸಿಕ್ಕು. ನಾನು ಹೇಳುವುದು ಇಷ್ಟು. ದುಡ್ಡು ಮ್ಯೂಸಿಕ್‌ಗೆ ಹಾಕಿ. ದೃಶ್ಯ ನೀವೇ ತೆಗೆಯಿರಿ.

ಸ್ಟಾಕ್ ಸೈಟ್‌ಗಳಲ್ಲಿ ಲಕ್ಷಾಂತರ ಕ್ಲಿಪ್ ಇದೆ ಅಂತ ಜಾಹೀರಾತು ಬರುತ್ತದೆ. ಇರಬಹುದು. ಆದರೆ ನಮಗೆ ಬೇಕಾದ್ದು ಎಷ್ಟಿದೆ? ರೇಷ್ಮೆ ಅಂತ ಹುಡುಕಿ ನೋಡಿ. ಗಾಳಿಯಲ್ಲಿ ಹಾರುವ ಬಣ್ಣದ ಬಟ್ಟೆ ಬರುತ್ತದೆ. ರೇಷ್ಮೆ ಹುಳು ಅಂತ ಹುಡುಕಿದರೆ ಯಾವುದೋ ದೇಶದ ಫ್ಯಾಕ್ಟರಿ. ಹುಳು ಗೂಡು ಕಟ್ಟುವ ಚಂದ್ರಿಕೆ ಸಿಗುವುದಿಲ್ಲ. ದುಂಡಗೆ ಸುತ್ತಿದ ಬಿದಿರಿನ ಪಟ್ಟಿಯ ಸಂದಿಯಲ್ಲಿ ಹಣ್ಣಾದ ಹುಳು ತಲೆ ಆಡಿಸುತ್ತಾ ಮೊದಲ ಎಳೆ ಕಟ್ಟುತ್ತದಲ್ಲ, ಆ ಶಾಟ್ ಸಿಗುವುದಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್, ಅಂದರೆ ಗೂಡಿಂದ ನೂಲು ತೆಗೆಯುವವರು, ಒಂದು ಹಿಡಿ ಗೂಡು ಎತ್ತಿ, ಬೆರಳಲ್ಲಿ ಒತ್ತಿ ನೋಡಿ, ಮಾತಾಡದೆ ವಾಪಸ್ ಹಾಕುವುದಂತೂ ಸಿಗುವುದೇ ಇಲ್ಲ. ರಾಗಿ ಹೊಲ ಹುಡುಕಿದರೆ ಸಜ್ಜೆ ಬರುತ್ತದೆ, ಜೋಳ ಬರುತ್ತದೆ. ನಿಮ್ಮ ವಿಡಿಯೊ ನೋಡುವವರು ರೈತರು. ಸಜ್ಜೆ ತೆನೆ ತೋರಿಸಿ ರಾಗಿ ಅಂದರೆ ಮೊದಲ ಕಾಮೆಂಟಲ್ಲೇ ಹಿಡಿಯುತ್ತಾರೆ. ಆಮೇಲೆ ಗೊಬ್ಬರದ ಬಗ್ಗೆ ನೀವು ಎಷ್ಟೇ ಸರಿಯಾಗಿ ಹೇಳಿದರೂ ಅವರಿಗೆ ನಂಬಿಕೆ ಬರುವುದಿಲ್ಲ.

ಇನ್ನೊಂದು ತಾಂತ್ರಿಕ ವಿಷಯ. ನಮ್ಮ ಕರೆಂಟು 50 ಹರ್ಟ್ಸ್. ಕಲ್ಯಾಣ ಮಂಟಪದ ಲೈಟು ಮಿನುಗದಿರಲಿ ಅಂತ ನಮ್ಮಲ್ಲಿ ಬಹಳ ಜನ ಸೆಕೆಂಡಿಗೆ 25 ಅಥವಾ 50 ಫ್ರೇಮ್‌ನಲ್ಲಿ ಶೂಟ್ ಮಾಡುತ್ತಾರೆ. ಸ್ಟಾಕ್ ಕ್ಲಿಪ್ ಹೆಚ್ಚಾಗಿ 24 ಅಥವಾ 30ರಲ್ಲಿ ಇರುತ್ತದೆ. ಎರಡನ್ನೂ ಒಂದೇ ಟೈಮ್‌ಲೈನ್‌ಗೆ ಹಾಕಿದರೆ ಕ್ಯಾಮೆರಾ ತಿರುಗುವ ಶಾಟ್‌ಗಳು ಜರ್ಕ್ ಹೊಡೆಯುತ್ತವೆ. ಡ್ರೋನ್ ಶಾಟಲ್ಲಿ ಅದು ಎದ್ದು ಕಾಣುತ್ತದೆ.

ಮ್ಯೂಸಿಕ್ ಮಾತು ಬೇರೆ. ಅದನ್ನು ನಾವು ಮನೆಯಲ್ಲಿ ಕೂತು ಮಾಡಲಿಕ್ಕೆ ಆಗುವುದಿಲ್ಲ, ಕದ್ದು ಹಾಕಲಿಕ್ಕೂ ಆಗುವುದಿಲ್ಲ. ಬೇರೆಯವರ ಹಾಡನ್ನು ತಾನಾಗಿ ಗುರುತಿಸುವ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಯೂಟ್ಯೂಬ್‌ನಲ್ಲಿ 2007ರಿಂದ ಇದೆ. ಹಾಡಿನ ಸಣ್ಣ ತುಣುಕು ಇದ್ದರೂ ಹಿಡಿಯುತ್ತದೆ. ಕ್ಲೇಮ್, ಅಂದರೆ ಈ ಹಾಡು ನಮ್ಮದು ಅನ್ನುವ ದಾವೆ, ಬಂದರೆ ಆ ವಿಡಿಯೊದ ಜಾಹೀರಾತಿನ ದುಡ್ಡು ಹಾಡಿನ ಹಕ್ಕುದಾರರಿಗೆ ಹೋಗಬಹುದು. ನೀವು ತಕರಾರು ಹಾಕಿದರೆ ಉತ್ತರ ಕೊಡಲಿಕ್ಕೆ ಅವರಿಗೆ 30 ದಿನ ಟೈಮು ಇರುತ್ತದೆ. ಹಕ್ಕುದಾರರು ದೂರು ಕೊಟ್ಟು ವಿಡಿಯೊನೇ ತೆಗೆಸಿದಾಗ ಬೀಳುವ ಕಾಪಿರೈಟ್ ಸ್ಟ್ರೈಕ್ ಇನ್ನೂ ದೊಡ್ಡ ತಲೆನೋವು. 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಹೋಗಬಹುದು.

ಮದುವೆ ಶೂಟ್ ಮಾಡುವವರು ಒಂದು ವಾದ ತೆಗೆಯುತ್ತಾರೆ, ಮದುವೆಯಲ್ಲಿ ಹಾಡು ಹಾಕಬಹುದು ಅಂತ ಕಾನೂನೇ ಇದೆ ಅಂತ. ಇದೆ, ನಿಜ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ, ಮದುವೆ ಮೆರವಣಿಗೆಯೂ ಅದರಲ್ಲಿ ಸೇರುತ್ತದೆ. ಆದರೆ ಅದು ಅಲ್ಲಿ, ಆ ಹೊತ್ತಲ್ಲಿ ಹಾಡು ಹಾಕುವುದಕ್ಕೆ. ಅದೇ ಹಾಡನ್ನು ಹೈಲೈಟ್ ವಿಡಿಯೊಗೆ ಅಂಟಿಸಿ ಯೂಟ್ಯೂಬ್‌ಗೆ ಏರಿಸುವುದಕ್ಕೆ ಅಲ್ಲ. ದೇವರನಾಮಕ್ಕೂ ಹೀಗೇ. ಪುರಂದರದಾಸರ ಕೀರ್ತನೆ, ನಮ್ಮ ಕೈವಾರ ತಾತಯ್ಯನವರ ಕೀರ್ತನೆ ಯಾರ ಆಸ್ತಿಯೂ ಅಲ್ಲ. ಆದರೆ ಅದನ್ನು ಹಾಡಿ ಹೊರತಂದ ರೆಕಾರ್ಡಿಂಗ್‌ಗೆ ನಮ್ಮ ದೇಶದಲ್ಲಿ 60 ವರ್ಷ ಹಕ್ಕು ಇರುತ್ತದೆ.

ಹಾಗಾದರೆ ಯಾವುದು ತಗೊಳ್ಳಬೇಕು? ಎಪಿಡೆಮಿಕ್ ಸೌಂಡ್, ಆರ್ಟ್‌ಲಿಸ್ಟ್, ಎನ್ವಾಟೊ, ಸ್ಟೋರಿಬ್ಲಾಕ್ಸ್ ಎಲ್ಲವೂ ಒಳ್ಳೆಯವೇ. ಮ್ಯೂಸಿಕ್ ಎಷ್ಟು ಟ್ರ್ಯಾಕ್ ಇದೆ ಅಂತ ಎಣಿಸುತ್ತಾ ಕೂರಬೇಡಿ. ಲೈಸೆನ್ಸ್ ಪುಟ ತೆಗೆದು ಓದಿ. ನಾನು ಮೊದಲು ನೋಡುವುದು, ಸಬ್‌ಸ್ಕ್ರಿಪ್ಷನ್ ನಿಲ್ಲಿಸಿದ ಮೇಲೆ ಹಳೇ ವಿಡಿಯೊಗಳ ಗತಿ ಏನು ಅಂತ. ಉದಾಹರಣೆಗೆ ಎಪಿಡೆಮಿಕ್ ಸೌಂಡ್‌ನಲ್ಲಿ ಚಂದಾ ಇದ್ದಾಗ ಪ್ರಕಟಿಸಿದ ವಿಡಿಯೊಗೆ ಆಮೇಲೂ ತೊಂದರೆ ಇಲ್ಲ. ನಿಲ್ಲಿಸಿದ ಮೇಲೆ ಮಾಡುವ ಹೊಸ ವಿಡಿಯೊಗೆ ಮಾತ್ರ ಆ ಹಾಡು ಬಳಸುವ ಹಾಗಿಲ್ಲ. ಇದು ನನಗೆ ನ್ಯಾಯ ಅನ್ನಿಸುತ್ತದೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ಆಗ ಚಂದಾ ನಿಲ್ಲಿಸಿದರೆ ಹಿಂದಿನ ಕೆಲಸ ಹಾಳಾಗಬಾರದು ಅಲ್ವಾ?

ಆಮೇಲೆ, ಗಿರಾಕಿ ಕೆಲಸಕ್ಕೆ ಅನುಮತಿ ಇದೆಯಾ ನೋಡಿ. ಕಡಿಮೆ ಬೆಲೆಯ ಪ್ಲಾನು ಸಾಮಾನ್ಯವಾಗಿ ನಿಮ್ಮ ಸ್ವಂತ ಚಾನೆಲ್‌ಗೆ ಮಾತ್ರ. ಊರಿನ ಬಟ್ಟೆ ಅಂಗಡಿಗೆ ಜಾಹೀರಾತು ಮಾಡಿಕೊಟ್ಟು, ಅವರು ಅದನ್ನು ತಮ್ಮ ಪೇಜ್‌ಗೆ ಹಾಕಿಕೊಂಡರೆ ಆ ಪ್ಲಾನು ಸಾಲದು. ಅಂಗಡಿಯವರಿಗೆ ಕ್ಲೇಮ್ ಬಂದರೆ ಅವರು ಫೋನ್ ಮಾಡುವುದು ನಿಮಗೇ.

ದುಡ್ಡಿನ ವಿಷಯ. ಬೆಲೆ ಡಾಲರ್‌ನಲ್ಲಿದ್ದರೆ ಕಾರ್ಡಿನವರ ವಿದೇಶಿ ವಿನಿಮಯ ಶುಲ್ಕವೂ ಬೀಳುತ್ತದೆ, 18% ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅದನ್ನೂ ನೋಡಿ. ತಿಂಗಳ ಬೆಲೆ ಅಂತ ದೊಡ್ಡದಾಗಿ ಬರೆದು, ಕೆಳಗೆ ಸಣ್ಣದಾಗಿ ವರ್ಷಕ್ಕೆ ಒಟ್ಟಿಗೆ ಕಟ್ಟಬೇಕು ಅಂತ ಹಾಕಿರುತ್ತಾರೆ. ಆಟೊ ಡೆಬಿಟ್‌ಗೆ 24 ಗಂಟೆ ಮುಂಚೆ ಬ್ಯಾಂಕ್ ತಿಳಿಸಬೇಕು ಅಂತ ಆರ್‌ಬಿಐ ನಿಯಮ ಇದೆ. ಆ ಮೆಸೇಜ್ ಬಂದರೆ ಸುಮ್ನೆ ಅಳಿಸಬೇಡಿ, ಬೇಡದಿದ್ದರೆ ಆಗಲೇ ನಿಲ್ಲಿಸಿ.

ಈಗಷ್ಟೇ ಶುರು ಮಾಡಿದವರಿಗೆ ಒಂದು ರೂಪಾಯಿಯೂ ಬೇಡ. ಯೂಟ್ಯೂಬ್ ಸ್ಟುಡಿಯೊದಲ್ಲೇ ಆಡಿಯೊ ಲೈಬ್ರರಿ ಇದೆ. ಕೆಲವು ಹಾಡುಗಳಿಗೆ ವಿವರಣೆಯಲ್ಲಿ ಹೆಸರು ಹಾಕಬೇಕು, ಅಷ್ಟೇ. ಸಣ್ಣಪುಟ್ಟ ಶಬ್ದಗಳಿಗೆ ಫ್ರೀಸೌಂಡ್ ಅನ್ನುವ ಸೈಟ್ ನೋಡಿ. ಪ್ರತಿ ಫೈಲಿನ ಲೈಸೆನ್ಸ್ ಬೇರೆ ಬೇರೆ ಇರುತ್ತದೆ. ವಾಣಿಜ್ಯ ಬಳಕೆಗೆ ಇಲ್ಲ ಅಂತ ಇದ್ದರೆ ಮುಟ್ಟಬೇಡಿ.

ದುಡ್ಡು ಕೊಟ್ಟರೂ ಸಿಗದ ಸದ್ದು ಒಂದಿದೆ, ನಮ್ಮ ವಾಲಗ. ಭಾರತೀಯ ಮದುವೆ ಅಂತ ಹುಡುಕಿದರೆ ಸಿತಾರ್, ತಬಲಾ, ಶಹನಾಯಿ ಬರುತ್ತದೆ. ನಮ್ಮ ಮುಹೂರ್ತದ ಗಟ್ಟಿಮೇಳ ಬರುವುದಿಲ್ಲ. ವಾಲಗದವರನ್ನು ಕೇಳಿ, ಒಪ್ಪಿಗೆ ತಗೊಂಡು, ಕೈಗೆ ಸ್ವಲ್ಪ ದುಡ್ಡು ಕೊಟ್ಟು, ನೀವೇ ಒಳ್ಳೆ ರೆಕಾರ್ಡರ್‌ನಲ್ಲಿ ಹಿಡಿಯಿರಿ. ಅವರು ಸಿನಿಮಾ ಹಾಡು ನುಡಿಸಿದ ಭಾಗ ಬಿಟ್ಟುಬಿಡಿ. ಧಾಟಿಯನ್ನೂ ಕಂಟೆಂಟ್ ಐಡಿ ಗುರುತಿಸುತ್ತದೆ.

ಇಷ್ಟೆಲ್ಲ ನೀವೇ ತೆಗೆದ ಮೇಲೆ ಅದನ್ನು ಹಾರ್ಡ್ ಡಿಸ್ಕ್‌ನಲ್ಲಿ ಕೊಳೆಸಬೇಡಿ. ಶಟರ್‌ಸ್ಟಾಕ್, ಪಾಂಡ್5 ಥರದ ಕಡೆ ನಾವೂ ಕ್ಲಿಪ್ ಮಾರಬಹುದು. ಚಂದ್ರಿಕೆ, ರಾಗಿ ಕಣ, ಗೂಡಿನ ಮಾರುಕಟ್ಟೆ ಸ್ಟಾಕ್‌ನಲ್ಲಿ ಇಲ್ಲ ಅಂದರೆ ನಾವು ಹಾಕಿಲ್ಲ ಅಂತ ತಾನೇ? ಗುರುತು ಸಿಗುವ ಮುಖ ಇದ್ದರೆ ಅವರಿಂದ ಮಾಡೆಲ್ ರಿಲೀಸ್‌ಗೆ, ಅಂದರೆ ಅವರ ಮುಖ ಬಳಸಲು ಕೊಡುವ ಒಪ್ಪಿಗೆ ಪತ್ರಕ್ಕೆ, ಸಹಿ ಬೇಕಾಗುತ್ತದೆ. ಏನಕ್ಕೆ ಸಹಿ ಅಂತ ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಹಾಕಿಸಿಕೊಳ್ಳಿ. ಶುರುವಿಗೆ ಮುಖ ಬೇಡ, ಗೂಡು ಬಿಡಿಸುವ ಕೈಗಳ ಶಾಟ್ ತೆಗೆಯಿರಿ. ಈ ಬೆಳೆಯ ಹುಳು ಹಣ್ಣಾದಾಗ ಯಾರಾದರೂ ಶೂಟ್‌ಗೆ ಬರುವುದಿದ್ದರೆ ಕಾಮೆಂಟಲ್ಲಿ ಹೇಳಿ, ಒಟ್ಟಿಗೆ ಹೋಗೋಣ.