ನನಗೆ ಕಾಣ್ತಿದೆಯಲ್ಲ, ಲೈಟ್ ಯಾಕೆ?

ಮಳೆಯಲ್ಲಿ ಹೆಡ್‌ಲೈಟ್ ಹಾಕದೆ ಕಾರು ಓಡಿಸುವವರನ್ನು ಯಾಕ್ರೀ ಅಂತ ಕೇಳಿ ನೋಡಿ. ಬರುವ ಉತ್ತರ ಒಂದೇ: "ನನಗೆ ಎಲ್ಲಾ ಕಾಣ್ತಿದೆಯಲ್ಲ!" ಕಾಣ್ತಿದೆ ಸ್ವಾಮಿ, ಯಾರು ಇಲ್ಲ ಅಂದರು? ನಿಮ್ಮ ಕಣ್ಣು ಚೆನ್ನಾಗಿದೆ, ಕನ್ನಡಕದ ನಂಬರು ಸರಿಯಾಗಿದೆ, ವೈಪರ್ ಕೂಡ ಹೊಸದು. ಆದರೆ ಹಗಲು ಮಳೆಯಲ್ಲಿ ಲೈಟ್ ಹಾಕುವುದು ನಿಮಗೆ ಕಾಣಲಿ ಅಂತ ಅಲ್ಲ, ನೀವು ಬೇರೆಯವರಿಗೆ ಕಾಣಲಿ ಅಂತ. ಇಷ್ಟು ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ ಅಂದುಕೊಂಡಿದ್ದೆ. ನಮ್ಮ ಭಾವನ ಪಕ್ಕದ ಸೀಟಿನಲ್ಲಿ ಕೂತ ಮೇಲೆ ಆ ನಂಬಿಕೆ ಹೋಯಿತು.

ಭಾವನ ಕಾರು ಬೂದು ಬಣ್ಣದ್ದು. ಮಳೆ ಬಂದಾಗ ಆಕಾಶವೂ ಬೂದು, ರಸ್ತೆಯೂ ಬೂದು, ಮುಂದೆ ಹೋಗುವ ಲಾರಿಯ ಚಕ್ರಗಳು ಎಬ್ಬಿಸುವ ನೀರಿನ ಮೋಡವೂ ಬೂದು. ಇದರ ನಡುವೆ ಭಾವ ತಮ್ಮ ಬೂದು ಕಾರನ್ನು ಒಂದು ಚೂರೂ ಬೆಳಕಿಲ್ಲದೆ ನುಗ್ಗಿಸುತ್ತಾರೆ. ಎದುರಿನವನು ಗಾಬರಿಯಾಗಿ ಹಾರ್ನ್ ಹೊಡೆದರೆ ಇವರಿಗೆ ಆಶ್ಚರ್ಯ. "ಕಣ್ಣು ಕಾಣಲ್ವಾ ಇವನಿಗೆ?" ಅನ್ನುತ್ತಾರೆ. ಹೌದು ಭಾವ, ಕಾಣಲ್ಲ. ಅದೇ ನಾನು ಅರ್ಧ ಗಂಟೆಯಿಂದ ಹೇಳುತ್ತಿರುವುದು.

"ಭಾವ, ಲೈಟ್ ಹಾಕಿ."

"ಹಗಲು ಹೊತ್ತಲ್ಲಿ ಲೈಟ್ ಯಾಕೋ? ಸುಮ್ನೆ ಬ್ಯಾಟರಿ ಖಾಲಿ ಆಗುತ್ತೆ."

ಈ ಬ್ಯಾಟರಿ ಮಾತು ದೊಡ್ಡ ತಲೆನೋವು. ಇಂಜಿನ್ ಓಡುತ್ತಿರುವಾಗ ಲೈಟಿಗೆ ಕರೆಂಟು ಕೊಡುವುದು ಆಲ್ಟರ್ನೇಟರ್, ಅಂದರೆ ಇಂಜಿನ್ನೇ ತಿರುಗಿಸುವ ಪುಟ್ಟ ಜನರೇಟರ್. ಅದು ಬ್ಯಾಟರಿಯನ್ನೂ ಜೊತೆಗೇ ಚಾರ್ಜ್ ಮಾಡುತ್ತಿರುತ್ತದೆ. ಸಾಮಾನ್ಯ ಹ್ಯಾಲೊಜೆನ್ ಬಲ್ಬು ಲೋ ಬೀಮಿನಲ್ಲಿ ತಿನ್ನುವುದು ಒಂದಕ್ಕೆ 55 ವ್ಯಾಟ್, ಎಲ್‌ಇಡಿ ಆದರೆ ಇನ್ನೂ ಕಡಿಮೆ. ಇದನ್ನೆಲ್ಲ ವಿವರಿಸಿದೆ. ಭಾವ ಪೂರ್ತಿ ಕೇಳಿಸಿಕೊಂಡರು, ತಲೆಯಾಡಿಸಿದರು, ಫೋನ್ ಚಾರ್ಜಿಗೆ ಹಾಕಿದರು, ಹಾಡಿನ ಸೌಂಡ್ ಜಾಸ್ತಿ ಮಾಡಿದರು. ಲೈಟ್ ಮಾತ್ರ ಹಾಕಲಿಲ್ಲ. ಬ್ಯಾಟರಿ ಉಳಿಸಬೇಕಲ್ಲ.

ಕಾರು ಮಾಡುವವರದ್ದೂ ಸ್ವಲ್ಪ ತಪ್ಪಿದೆ ಅನ್ನಿ. ಹಳೇ ಕಾರುಗಳಲ್ಲಿ ಲೈಟ್ ಹಾಕದಿದ್ದರೆ ಕತ್ತಲಾದ ಮೇಲೆ ಸ್ಪೀಡು ತೋರಿಸುವ ಮುಳ್ಳೂ ಕಾಣುತ್ತಿರಲಿಲ್ಲ. ಹಾಗಾಗಿ ಎಂಥ ಮರೆವಿನವನಿಗೂ ನೆನಪಾಗುತ್ತಿತ್ತು. ಈಗಿನ ಕಾರಿನಲ್ಲಿ ಕೀ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡ್ ಪೂರ್ತಿ ಜಗಮಗ. ಒಳಗೆ ಇಷ್ಟೊಂದು ಬೆಳಕಿದೆ, ಹೊರಗೂ ಇರಲೇಬೇಕು ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ.

ಅದರ ಮೇಲೆ ಮುಂದುಗಡೆ ಹುಬ್ಬಿನ ಹಾಗೆ ಹೊಳೆಯುವ ಡಿಆರ್‌ಎಲ್ ಬೇರೆ. ಹಗಲಲ್ಲೂ ಗಾಡಿ ಕಾಣಲಿ ಅಂತ ಮಾಡಿದ ದೀಪ ಅದು. ಯೋಚನೆಯೇನೂ ಹೊಸದಲ್ಲ. ಸ್ವೀಡನ್ 1977ರಲ್ಲೇ ಹಗಲು ಕೂಡ ಲೈಟ್ ಹಾಕಿಕೊಂಡೇ ಓಡಿಸಬೇಕು ಅಂತ ಕಾನೂನು ಮಾಡಿತು. ಯುರೋಪಿಯನ್ ಒಕ್ಕೂಟ 2011ರಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಬಹಳಷ್ಟು ಕಾರುಗಳಲ್ಲಿ ಡಿಆರ್‌ಎಲ್ ಉರಿದಾಗ ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಮುಂದೆ ದೀಪಾಲಂಕಾರ, ಹಿಂದೆ ಅಮಾವಾಸ್ಯೆ. ಓಡಿಸುವವನಿಗೆ ಎದುರಿನ ಗಾಡಿಯ ಬಾನೆಟ್ ಮೇಲೆ ತನ್ನ ಬೆಳಕು ಮಿಂಚುವುದು ಕಾಣುತ್ತದೆ, ಸಮಾಧಾನವಾಗುತ್ತದೆ. ಮಳೆಯಲ್ಲಿ ಬಂದು ಗುದ್ದುವವನು ಸಾಮಾನ್ಯವಾಗಿ ಹಿಂದಿನವನು, ಅವನಿಗೆ ಕಾಣುವುದು ಬರೀ ನೀರು. ತನ್ನ ಕಾರಿನ ಟೈಲ್ ಲ್ಯಾಂಪನ್ನು ಓಡಿಸುತ್ತಾ ನೋಡಿದ ಮನುಷ್ಯ ಈ ಭೂಮಿ ಮೇಲೆ ಯಾರೂ ಇಲ್ಲ, ಅದಕ್ಕೇ ಅದರ ಚಿಂತೆಯೂ ಯಾರಿಗೂ ಇಲ್ಲ.

"ನಂದು ಆಟೋ ಮೋಡಲ್ಲಿದೆ, ಬೇಕಾದಾಗ ಅದೇ ಹಾಕಿಕೊಳ್ಳುತ್ತೆ" ಅನ್ನುವವರು ಇನ್ನೊಂದು ಪಂಗಡ. ಆ ಆಟೋ ಅನ್ನುವುದು ಎಷ್ಟು ಕತ್ತಲಾಗಿದೆ ಅಂತ ಅಳೆಯುತ್ತದೆ, ಎಷ್ಟು ಮಳೆಯಾಗಿದೆ ಅಂತ ಅಲ್ಲ. ಮುಂದಿನ ಗಾಜಿನ ಮೇಲುಭಾಗದಲ್ಲೋ ಡ್ಯಾಶ್‌ಬೋರ್ಡ್ ಮೇಲೋ ಕೂತಿರುವ ಸೆನ್ಸರಿಗೆ ಮಧ್ಯಾಹ್ನದ ಜಡಿಮಳೆ ಕೂಡ ಸಾಕಷ್ಟು ಬೆಳಕಾಗಿಯೇ ಕಾಣುತ್ತದೆ. ವೈಪರನ್ನು ತಾನೇ ಓಡಿಸುವ ಮಳೆ ಸೆನ್ಸರ್ ಬೇರೆ. ಅದು ಗಾಜಿನೊಳಗೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಎಷ್ಟು ವಾಪಸ್ ಬಂತು ಅಂತ ನೋಡುತ್ತದೆ. ಗಾಜಿನ ಮೇಲೆ ಹನಿ ಬಿದ್ದರೆ ಬೆಳಕು ಸ್ವಲ್ಪ ಹೊರಗೆ ಸೋರಿಹೋಗುತ್ತದೆ, ಓ ಮಳೆ ಬಂತು ಅಂತ ಅದಕ್ಕೆ ತಿಳಿಯುತ್ತದೆ. ಕೆಲವು ಕಾರುಗಳಲ್ಲಿ ಈ ಎರಡಕ್ಕೂ ಮಾತುಕತೆ ಇದೆ, ವೈಪರ್ ಓಡಿದರೆ ಲೈಟೂ ಹತ್ತುತ್ತದೆ. ಉಳಿದವುಗಳಲ್ಲಿ ಒಂದೇ ಗಾಜಿನ ಹತ್ತಿರ ಕೂತು ಒಂದಕ್ಕೊಂದು ಮಾತೇ ಇಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ವೈಪರ್ ಹಾಕಿದರೆ ಹೆಡ್‌ಲೈಟೂ ಹಾಕಲೇಬೇಕು ಅಂತ ಕಾನೂನಿದೆ. ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ನಿಯಮ ಇಲ್ಲ.

ಇನ್ನು ಹಜಾರ್ಡ್ ಲೈಟ್ ವೀರರು. ಇವರ ಮೇಲೆ ನನಗೆ ವಿಶೇಷ ಕೋಪ. ನಾಲ್ಕು ಹನಿ ಬಿದ್ದರೆ ಸಾಕು, ಕೆಂಪು ತ್ರಿಕೋನದ ಬಟನ್ ಒತ್ತಿ ಟಿಕ್ ಟಿಕ್ ಅನ್ನಿಸಿಕೊಂಡು ಹೊರಡುತ್ತಾರೆ. ಹೆಡ್‌ಲೈಟ್ ಹಾಕು ಅಂದರೆ ಬ್ಯಾಟರಿ ಖಾಲಿ, ನಾಲ್ಕೂ ಇಂಡಿಕೇಟರ್ ಮಿಣುಕಿಸಿದರೆ ಅದು ಸುರಕ್ಷತೆ! ಬಹುತೇಕ ಕಾರುಗಳಲ್ಲಿ ಹಜಾರ್ಡ್ ಹಾಕಿದಾಗ ಇಂಡಿಕೇಟರ್ ಕೊಟ್ಟರೂ ಹೊರಗೆ ಗೊತ್ತಾಗುವುದಿಲ್ಲ, ಎರಡಕ್ಕೂ ಬಲ್ಬು ಅವೇ ತಾನೆ. ಹಿಂದೆ ಬರುವವನ ಪಾಡು ಯೋಚಿಸಿ. ಮುಂದಿನ ಕಾರು ನಿಂತಿದೆಯೋ, ಓಡುತ್ತಿದೆಯೋ, ತಿರುಗುತ್ತದೋ, ಕೆಟ್ಟಿದೆಯೋ? ಪಕ್ಕದಲ್ಲಿ ಲಾರಿಯೊಂದು ಬಂದು ಒಂದು ಕಡೆಯ ದೀಪ ಮರೆಯಾಯಿತು ಅಂದರೆ ಮುಗೀತು, ಆ ಕಾರು ಈ ಕಡೆ ತಿರುಗುತ್ತಿದೆ ಅಂತಲೇ ನಂಬುತ್ತೇವೆ. ಒಂದು ಸಲ ಭಾವನ ಮುಂದೆ ಇಂಥದ್ದೊಂದು ಕಾರು ಮೈಲಿಗಟ್ಟಲೆ ಮಿಣುಕುತ್ತಾ ಹೋಯಿತು. ಈಗ ತಿರುಗುತ್ತಾನೆ, ಈಗ ತಿರುಗುತ್ತಾನೆ ಅಂತ ಭಾವ ಕಾದಿದ್ದೇ ಕಾದಿದ್ದು. ಕೊನೆಗೆ ಅವನು ನಿಜವಾಗಿ ತಿರುಗಿದಾಗ ಬ್ರೇಕ್ ತುಳಿದ ರಭಸಕ್ಕೆ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದ ಅಕ್ಕನ ತಲೆ ನನ್ನ ಸೀಟಿಗೆ ಬಡಿಯಿತು. "ಹೇಳದೆ ಕೇಳದೆ ತಿರುಗಿಬಿಟ್ಟ ನೋಡು" ಅಂದರು ಭಾವ. ಪಾಪ, ಅವನು ಒಳಗೆ ಇಂಡಿಕೇಟರ್ ಕೊಟ್ಟೇ ಇದ್ದನೇನೋ.

ಹೈ ಬೀಮ್ ಹಾಕುವವರದ್ದು ಉದಾರ ಮನಸ್ಸು. ಕಡಿಮೆ ಕಾಣುತ್ತಿದೆಯಾ, ಜಾಸ್ತಿ ಬೆಳಕು ಕೊಡೋಣ. ಜೋರು ಮಳೆಯಲ್ಲಿ ಆ ಬೆಳಕು ಹನಿಗಳಿಗೆ ಹೊಡೆದು ವಾಪಸ್ ಅವರ ಮುಖಕ್ಕೇ ಬರುತ್ತದೆ, ಕಣ್ಣೆದುರು ಬಿಳಿ ಪರದೆ ಇಳಿಬಿಟ್ಟ ಹಾಗೆ ಆಗುತ್ತದೆ. ರಾತ್ರಿಯಾದರೆ ಇನ್ನೊಂದು ತಮಾಷೆ. ಒಣ ರಸ್ತೆ ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ, ಅದರಲ್ಲಿ ಒಂದಿಷ್ಟು ನಮ್ಮ ಕಣ್ಣಿಗೂ ಮರಳುತ್ತದೆ. ನೀರು ನಿಂತ ಟಾರು ಹಾಗಲ್ಲ, ಬಿದ್ದ ಬೆಳಕನ್ನು ಮುಂದಕ್ಕೇ ಜಾರಿಸಿಬಿಡುತ್ತದೆ. ನಮ್ಮ ಲೈಟ್ ಉರಿಯುತ್ತಿದೆಯೋ ಇಲ್ಲವೋ ಅಂತ ನಮಗೇ ಅನುಮಾನ, ರಸ್ತೆಯ ಬಿಳಿ ಗೆರೆಗಳು ನಾಪತ್ತೆ, ಎದುರಿನವನಿಗೆ ಮಾತ್ರ ಡಬಲ್ ಬೆಳಕು. ಅವನು ಬೈದುಕೊಂಡು ತಾನೂ ಹೈ ಬೀಮ್ ಹಾಕುತ್ತಾನೆ. ಈಗ ಇಬ್ಬರಿಗೂ ಏನೂ ಕಾಣುವುದಿಲ್ಲ. ಸಮಾನತೆ!

ಮಂಜಿಗೆಂದೇ ಇರುವ ಹಿಂದಿನ ಫಾಗ್ ಲ್ಯಾಂಪ್ ಹಾಕಿ ಮರೆಯುವವರದ್ದೂ ಇದೇ ಕಥೆ. ಅದು ಬ್ರೇಕ್ ಲೈಟಿನಷ್ಟೇ ಪ್ರಖರ, ಹಿಂದಿನವನು ಕಣ್ಣು ಕಿರಿದು ಮಾಡಿಕೊಂಡೇ ಬರಬೇಕು. ಜರ್ಮನಿಯಲ್ಲಿ ಮಂಜಿನಿಂದಾಗಿ 50 ಮೀಟರಿನ ಆಚೆ ಕಾಣದಿದ್ದರೆ ಮಾತ್ರ ಅದನ್ನು ಹಾಕಬಹುದು, ಅಷ್ಟು ಕಡಿಮೆ ಕಾಣುವಾಗ ಗಂಟೆಗೆ 50 ಕಿಲೋಮೀಟರ್ ದಾಟುವ ಹಾಗೂ ಇಲ್ಲ.

ಮಳೆ ಅಂದ ಮೇಲೆ ಒಳಗೆ ಗಾಜು ಮಸುಕಾಗುವ ಪ್ರಸಂಗ ಬರಲೇಬೇಕು. ನಾವು ಒದ್ದೆ ಬಟ್ಟೆಯಲ್ಲಿ ಹತ್ತಿ ಕೂತಿರುತ್ತೇವೆ, ಉಸಿರಾಡುತ್ತೇವೆ, ಮಾತಾಡುತ್ತೇವೆ. ಆ ತೇವವೆಲ್ಲ ತಣ್ಣಗಿನ ಗಾಜಿನ ಮೇಲೆ ಹೋಗಿ ಕೂರುತ್ತದೆ. ಭಾವ ಅಂಗೈಯಿಂದ ಉಜ್ಜುತ್ತಾರೆ. ಅಂಗೈಯ ಜಿಡ್ಡು ಗಾಜಿಗೆ ಬಳಿದುಕೊಂಡು ಐದು ಬೆರಳಿನ ಗೆರೆ ಮೂಡುತ್ತದೆ, ಎದುರಿನ ಪ್ರತಿ ದೀಪವೂ ಆ ಗೆರೆಗಳಲ್ಲಿ ಉದ್ದಕ್ಕೆ ಎಳೆದುಕೊಂಡು ಬಾಲ ಬಿಡುತ್ತದೆ. ಆಮೇಲೆ ಕರ್ಚೀಫು. ಆಮೇಲೆ ಅಕ್ಕ ಹಿಂದಿನಿಂದ ಕೊಟ್ಟ ಟಿಶ್ಯೂ, ಅದು ಹರಿದು ಚೂರುಚೂರಾಗಿ ಗಾಜಿಗೇ ಅಂಟಿಕೊಳ್ಳುತ್ತದೆ.

"ಭಾವ, ಎಸಿ ಹಾಕಿ, ಗಾಳಿ ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಬರೋ ಹಾಗೆ ಬಿಡಿ."

"ಈ ಚಳಿಯಲ್ಲಿ ಎಸಿ ಹಾಕ್ತಾರೇನೋ? ಶೀತ ಆಗುತ್ತೆ."

ಎಸಿ ಗಾಳಿಯನ್ನು ತಣ್ಣಗೆ ಮಾಡುವಾಗ ಅದರಲ್ಲಿರುವ ನೀರನ್ನೂ ಹಿಂಡಿ ತೆಗೆಯುತ್ತದೆ. ಬೇಕಿದ್ದರೆ ಜೊತೆಗೆ ಹೀಟರ್ ಕೂಡ ಹಾಕಿಕೊಳ್ಳಬಹುದು, ಬೆಚ್ಚಗಿನ ಒಣ ಗಾಳಿ ಬರುತ್ತದೆ, ಸ್ವಲ್ಪ ಹೊತ್ತಿಗೇ ಗಾಜು ತಿಳಿಯಾಗುತ್ತದೆ. ಅಕ್ಕ ಮಾತಾಡಲಿಲ್ಲ. ಎರಡು ಸೀಟಿನ ನಡುವೆ ಕೈ ತೂರಿಸಿ ತಾನೇ ಬಟನ್ ಒತ್ತಿದಳು. ಗಾಜು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಬಿಡಿಸಿಕೊಂಡಿತು. "ನೋಡು, ನಾನು ಉಜ್ಜಿದ್ದಕ್ಕೆ ಹೋಯ್ತು" ಅಂದರು ಭಾವ.

ನನಗೆ ತುಂಬಾ ಮಜಾ ಅನ್ನಿಸುವ ವಿಷಯ ಇನ್ನೊಂದಿದೆ. ಹಗಲಲ್ಲಿ ನೀವು ಲೈಟ್ ಹಾಕಿಕೊಂಡು ಹೋಗಿ ನೋಡಿ. ಜಗತ್ತೇ ನಿಮ್ಮ ಹಿತೈಷಿ. ಎದುರಿನವರು ಕೈ ಎತ್ತಿ ಬೆರಳುಗಳನ್ನು ಮುಚ್ಚಿ ಬಿಚ್ಚಿ ತೋರಿಸುತ್ತಾರೆ. ಬೈಕಿನವನು ಪಕ್ಕಕ್ಕೆ ಬಂದು "ಲೈಟು, ಲೈಟು" ಅಂತ ಕೂಗುತ್ತಾನೆ. ನಡೆದುಹೋಗುವವರು ನಿಂತು ಬೆರಳು ತೋರಿಸುತ್ತಾರೆ. ಅದೇ ಜಡಿಮಳೆಯಲ್ಲಿ ಲೈಟ್ ಹಾಕದೆ ಹೋಗಿ, ಒಬ್ಬರೂ ಹೇಳುವುದಿಲ್ಲ. ಹೇಳುವುದಾದರೂ ಹೇಗೆ, ಅವರಿಗೆ ನೀವು ಕಂಡಿದ್ದರೆ ತಾನೆ?

ಎದುರಿನವನು ಹೆಡ್‌ಲೈಟ್ ಮಿನುಗಿಸಿದರೆ ಏನರ್ಥ ಅನ್ನುವುದೂ ಬಗೆಹರಿಯದ ಸಮಸ್ಯೆ. ಬ್ರಿಟನ್ನಿನ ಹೈವೇ ಕೋಡ್ ಪ್ರಕಾರ ಅದರ ಅರ್ಥ "ನಾನು ಇಲ್ಲಿದ್ದೇನೆ" ಅಂತ ಅಷ್ಟೇ. ರಸ್ತೆಯಲ್ಲಿ ಮಾತ್ರ ಅದು "ನೀನು ಹೋಗು" ಕೂಡ ಹೌದು, "ನಿಲ್ಲು, ನಾನು ಬರ್ತಿದ್ದೀನಿ" ಕೂಡ ಹೌದು. ಕಿರಿದಾದ ಸೇತುವೆಯೊಂದರ ಹತ್ತಿರ ಭಾವ ಮಿನುಗಿಸಿದರು, ಎದುರಿನವನೂ ಮಿನುಗಿಸಿದ. ಇಬ್ಬರೂ ನಿಂತರು. ಇಬ್ಬರೂ ಹೊರಟರು. ಮತ್ತೆ ಇಬ್ಬರೂ ನಿಂತರು. ಹಿಂದಿದ್ದ ಆಟೋದವನು ಪಕ್ಕದಲ್ಲಿ ನುಸುಳಿ ಸೇತುವೆ ದಾಟಿ ಹೋಗೇಬಿಟ್ಟ.

ಮೊನ್ನೆ ಒಂದು ವಿಶೇಷ ನಡೆಯಿತು. ಜೋರು ಮಳೆ, ನಾನೇನೂ ಹೇಳಿರಲಿಲ್ಲ, ಭಾವ ತಾವಾಗಿಯೇ ಹೆಡ್‌ಲೈಟ್ ಹಾಕಿದರು. ಅಕ್ಕ ನನ್ನ ಭುಜಕ್ಕೆ ಚುಚ್ಚಿದಳು, ನಾನು ಬಾಯಿ ಬಿಡಲಿಲ್ಲ, ಎಲ್ಲಿ ಆರಿಸಿಬಿಡುತ್ತಾರೋ ಅಂತ. ನೆಂಟರ ಮನೆ ಮುಟ್ಟುವಷ್ಟರಲ್ಲಿ ಮಳೆ ನಿಂತು ಬಿಸಿಲು ಬಂದಿತ್ತು. ಆ ಬಿಸಿಲಿಗೆ ಲೈಟ್ ಉರಿಯುತ್ತಿರುವುದು ಗೊತ್ತಾಗಲೇ ಇಲ್ಲ. ಎಚ್ಚರಿಸುವ ಪೀಂ ಪೀಂ ಶಬ್ದ ಭಾವನ ಕಾರಿನಲ್ಲಿ ಯಾವತ್ತೋ ಕೆಟ್ಟಿದೆ. ಇಂಜಿನ್ ಆಫ್ ಆಗಿತ್ತು, ಆಲ್ಟರ್ನೇಟರ್ ನಿಂತಿತ್ತು, ನಾವು ಊಟ ಮಾಡಿ, ಹರಟೆ ಹೊಡೆದು, ಒಂದು ನಿದ್ದೆ ತೆಗೆದು ಹೊರಗೆ ಬಂದರೆ ಕಾರು ಟಕ್ ಟಕ್ ಅಂದಿದ್ದು ಬಿಟ್ಟರೆ ಇನ್ನೇನೂ ಅನ್ನಲಿಲ್ಲ.

ನೆಂಟರ ಕಾರಿನಿಂದ ಜಂಪರ್ ಕೇಬಲ್ ಎಳೆದು ಹಚ್ಚುವಾಗ ಭಾವನ ಮುಖ ನೋಡಬೇಕಿತ್ತು. ಬೇಜಾರೇ ಇಲ್ಲ. ಸುತ್ತ ಸೇರಿದ್ದವರಿಗೆಲ್ಲ ನನ್ನ ಕಡೆ ಕೈ ತೋರಿಸಿ ಹೇಳುತ್ತಿದ್ದರು, "ಲೈಟ್ ಹಾಕಿದರೆ ಬ್ಯಾಟರಿ ಖಾಲಿ ಆಗುತ್ತೆ ಅಂತ ಇವನಿಗೆ ಎಷ್ಟು ಹೇಳಿದ್ದೀನಿ. ಕೇಳಬೇಕಲ್ಲ!"