9 ಪಾಯಿಂಟೋ, 11 ಪಾಯಿಂಟೋ?

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೊಳ್ಳಲು ಹೊರಟವರ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ಕ್ಯಾನನ್ 1500ಡಿಗೆ 9 ಫೋಕಸ್ ಪಾಯಿಂಟ್ (ಫ್ರೇಮಿನಲ್ಲಿ ಕ್ಯಾಮೆರಾ ಫೋಕಸ್ ಹಿಡಿಯುವ ಜಾಗಗಳು), ನಿಕಾನ್ ಡಿ3500ಗೆ 11. ಹಾಗಾದ್ರೆ ನಿಕಾನೇ ಮೇಲು ಅಲ್ವಾ? ಮೇಲು ಹೌದು. ಆದರೆ ಆ ಎರಡು ಪಾಯಿಂಟಿನ ದೆಸೆಯಿಂದಲ್ಲ.

ಎರಡರಲ್ಲೂ ಕ್ರಾಸ್ ಟೈಪ್ ಆಗಿರುವುದು ನಟ್ಟನಡುವಿನ ಒಂದೇ ಪಾಯಿಂಟ್. ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಅದು ಹಿಡಿಯುತ್ತದೆ. ಸುತ್ತಲಿನವಕ್ಕೆ ಒಂದೇ ದಿಕ್ಕಿನ ಗೆರೆ ಕಾಣುತ್ತದೆ. ಹಗಲಲ್ಲಿ ಇದು ಗೊತ್ತೇ ಆಗುವುದಿಲ್ಲ. ರಾತ್ರಿ ಬಯಲಾಟಕ್ಕೆ ಕ್ಯಾಮೆರಾ ಒಯ್ದು ನೋಡಿ. ಅಂಚಿನ ಪಾಯಿಂಟನ್ನು ವೇಷದ ಮುಖಕ್ಕೆ ಇಟ್ಟರೆ ಲೆನ್ಸ್ ಹಿಂದೆ ಮುಂದೆ ಓಡಾಡಿ ಸುಮ್ಮನಾಗಿಬಿಡುತ್ತದೆ. ನಡುವಿನದನ್ನು ವೇಷದ ಕೆಂಪು-ಕಪ್ಪು ಚೌಕುಳಿ ಸೀರೆಗೆ ಇಡಿ, ಟಕ್ ಅಂತ ಕೂರುತ್ತದೆ. ಶಟರ್ ಅರ್ಧ ಒತ್ತಿ ಹಿಡಿದು ಫ್ರೇಮ್ ಸರಿ ಮಾಡಿಕೊಂಡರಾಯಿತು.

ನಿಕಾನ್ ಗೆಲ್ಲುವುದು ಕತ್ತಲಲ್ಲಿ. 1500ಡಿ ಫೋಕಸ್ ಮಾಡುವುದು 0 ಇವಿವರೆಗೆ (ಇವಿ ಅಂದರೆ ಬೆಳಕಿನ ಅಳತೆ, ಒಂದು ಇಳಿದರೆ ಬೆಳಕು ಅರ್ಧ), ಡಿ3500 ಮೈನಸ್ 1ರವರೆಗೆ. ಅಂದರೆ ಅರ್ಧ ಬೆಳಕು ಸಾಕು. ಜೊತೆಗೆ, ಆಟೋ ಮೋಡ್‌ನಲ್ಲಿ ಬಿಟ್ಟರೆ 1500ಡಿ ಫೋಕಸ್ ಹುಡುಕಲು ತನ್ನ ಫ್ಲ್ಯಾಶನ್ನೇ ಚಕಚಕ ಮಿನುಗಿಸುತ್ತದೆ. ಆಟದ ನಡುವೆ ಹಾಗಾದರೆ ಭಾಗವತರೇ ತಿರುಗಿ ನೋಡಿಯಾರು!

ಹಾಗಂತ ಎಲ್ಲರಿಗೂ ನಿಕಾನ್ ಹೇಳಲಾರೆ. ಮನೆಯಲ್ಲಿ ಓಡಾಡುವ ಮಗು, ವಿಡಿಯೋ, ಸ್ಕ್ರೀನ್ ನೋಡಿಕೊಂಡೇ ತೆಗೆಯುವ ಅಭ್ಯಾಸ ಇದ್ದರೆ ಕ್ಯಾನನ್ 200ಡಿ ಮಾರ್ಕ್ 2 ತಗೊಳ್ಳಿ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಸರಿ. ವ್ಯೂಫೈಂಡರ್‌ನಲ್ಲಿ ಅದಕ್ಕೂ ಅದೇ 9 ಪಾಯಿಂಟ್. ಆದರೆ ಲೈವ್ ವ್ಯೂನಲ್ಲಿ (ಸ್ಕ್ರೀನ್ ನೋಡಿ ತೆಗೆಯುವಾಗ) ಡ್ಯುಯಲ್ ಪಿಕ್ಸೆಲ್ ಅನ್ನುವ ಚುರುಕು ಫೋಕಸ್ ಕೆಲಸ ಮಾಡುತ್ತದೆ, ಕಣ್ಣನ್ನೂ ಗುರುತಿಸುತ್ತದೆ. ಉಳಿದೆರಡು ಅಲ್ಲಿ ಕಾಂಟ್ರಾಸ್ಟ್ ನೋಡಿ ತಡಕಾಡುತ್ತವೆ. ಅಷ್ಟರಲ್ಲಿ ಮಗು ಅಡುಗೆಮನೆ ಸೇರಿರುತ್ತದೆ.

ವ್ಯೂಫೈಂಡರ್‌ಗೆ ಕಣ್ಣಿಟ್ಟು ಹಕ್ಕಿ, ರಂಗ ತೆಗೆಯುವವರಿಗೆ ನನ್ನ ವೋಟು ಡಿ3500ಗೇ. ಆದರೆ ಅದರ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ, ಲೆನ್ಸಿನೊಳಗೇ ಇರಬೇಕು. ಕ್ಯಾನನ್‌ನವರಿಗೆ ಈ ತಲೆನೋವಿಲ್ಲ, ಇಎಫ್ 50 ಎಂಎಂ ಎಸ್‌ಟಿಎಂ ಲೆನ್ಸನ್ನು ಯಾವ ಕ್ಯಾನನ್ ಡಿಎಸ್‌ಎಲ್‌ಆರ್ ಬಾಡಿಗೆ ಹಾಕಿದರೂ ನಡೆಯುತ್ತದೆ. ಇಲ್ಲಿ ಹಾಗಲ್ಲ. ಅಗ್ಗಕ್ಕೆ ಸಿಗುವ, ಮೋಟಾರಿಲ್ಲದ ಹಳೇ 50 ಎಂಎಂ 1.8ಡಿ ಲೆನ್ಸ್ ಸೇರಿಸಿ ‘ಕಾಂಬೋ’ ಅಂತ ಮಾರುವವರಿದ್ದಾರೆ. ನಿಕಾನ್ ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇದೆಯಾ ನೋಡಿ. ಬರೀ ಎಎಫ್ ಅಂತಿದ್ದರೆ ಫೋಕಸ್ ರಿಂಗನ್ನು ಕೈಯಲ್ಲೇ ತಿರುಗಿಸಬೇಕು.